ಡಬಲ್ ಮಾರ್ಕರ್ ಮಾಡಿಸಬೇಕೇ, ಬೇಡವೇ? ಕೊಯಮತ್ತೂರು-ತಿರುಪ್ಪೂರಿನ ನಮ್ಮವರಿಗೊಂದು ಕೈಪಿಡಿ

ಬನಿಯನ್, ರೆಡಿಮೇಡ್ ವ್ಯಾಪಾರದ ಕಾರಣಕ್ಕೆ ತಿರುಪ್ಪೂರಿನ ಖಾದರ್‌ಪೇಟ್‌ಗೂ ನಮ್ಮ ಕರಾವಳಿಗೂ ಹಳೆಯ ನಂಟು. ಸರಕು ತರಲು ಹೋಗಿ ಬರುವವರು ಕೆಲವರು, ಅಲ್ಲೇ ಬಾಡಿಗೆ ಮನೆ ಹಿಡಿದು ಕುಟುಂಬದ ಜೊತೆ ನೆಲೆಸಿದವರು ಇನ್ನು ಕೆಲವರು. ಕೊಯಮತ್ತೂರಿನ ಉಕ್ಕಡಂ, ಕರುಂಬುಕಡೈ ಕಡೆಯೂ ಹಾಗೆಯೇ. ಮನೆಯಲ್ಲಿ ಹೆಣ್ಣುಮಗಳು ಗರ್ಭಿಣಿಯಾದರೆ ಮೊದಲ ತಿಂಗಳುಗಳ ಡಾಕ್ಟರ್, ಸ್ಕ್ಯಾನ್ ಎಲ್ಲ ಅಲ್ಲಿ. ಏಳನೇ ತಿಂಗಳಿಗೆ ಉಮ್ಮನ ಮನೆಗೆಂದು ಊರಿಗೆ ಬರುವುದು, ಹೆರಿಗೆ ಇಲ್ಲಿ.

ಈ ನಡುವೆ ಮೂರನೇ ತಿಂಗಳ ಭೇಟಿಯಲ್ಲಿ ಡಾಕ್ಟರ್ ಚೀಟಿಯಲ್ಲಿ ಬರೆಯುತ್ತಾರೆ: ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್. ಲ್ಯಾಬಿನ ಕೌಂಟರಿನಲ್ಲಿ ತಮಿಳಿನಲ್ಲಿ ಏನೋ ಹೇಳುತ್ತಾರೆ, ಒಂದು ಫಾರಂಗೆ ಸಹಿ ಹಾಕಿಸುತ್ತಾರೆ. ವಾರದ ನಂತರ ಇಂಗ್ಲಿಷ್ ವರದಿ ಬರುತ್ತದೆ. ಅದರಲ್ಲಿ ಕೆಂಪು ಅಕ್ಷರದಲ್ಲಿ 'ಹೈ ರಿಸ್ಕ್' ಎಂದಿದ್ದರೆ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಏನು ಪರೀಕ್ಷೆ, ಯಾಕೆ ಮಾಡಿಸಿದ್ದು, ಇನ್ನು ಮುಂದೇನು ಎಂಬ ಪ್ರಶ್ನೆಗಳು ಆಗ ಏಳುತ್ತವೆ. ನಿಜವಾಗಿ ಇವು ರಕ್ತ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆಗಳು.

ಬಿಡಬಾರದವು, ಆಯ್ಕೆಯವು

ಎಲ್ಲ ಪರೀಕ್ಷೆಗಳನ್ನೂ ಒಂದೇ ಗೋಣಿಗೆ ಹಾಕಬಾರದು. ಹಿಮೋಗ್ಲೋಬಿನ್, ರಕ್ತದ ಗುಂಪು, ಬಿಪಿ, ಮೂತ್ರ, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ತಪ್ಪಿಸಲೇಬಾರದು. ಇವುಗಳಲ್ಲಿ ತೊಂದರೆ ಕಂಡರೆ ಅದಕ್ಕೆ ಚಿಕಿತ್ಸೆ ಇದೆ, ತಾಯಿಯೂ ಮಗುವೂ ಉಳಿಯುತ್ತಾರೆ. ಗರ್ಭಿಣಿಯರ ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಎಲ್ಲರಿಗೂ ಮಾಡಬೇಕೆಂದು 2007ರಲ್ಲೇ ಸರಕಾರಿ ಆದೇಶ ತಂದದ್ದು ತಮಿಳುನಾಡು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವ ಆ ಪರೀಕ್ಷೆಗೆ ಬೇಸರ ಮಾಡಿಕೊಳ್ಳಬೇಡಿ.

ಆಯ್ಕೆಯ ಪರೀಕ್ಷೆಗಳು ಬೇರೆ. ಮಗುವಿಗೆ ಡೌನ್ ಸಿಂಡ್ರೋಮ್ (21ನೇ ವರ್ಣತಂತು ಎರಡರ ಬದಲು ಮೂರು ಇರುವುದು), ಎಡ್ವರ್ಡ್ಸ್ (18ನೆಯದು), ಪಟಾವ್ (13ನೆಯದು) ಮುಂತಾದ ಸ್ಥಿತಿ ಇರುವ ಸಾಧ್ಯತೆ ಎಷ್ಟು ಎಂದು ಇವು ಅಂದಾಜಿಸುತ್ತವೆ. ಈ ಸ್ಥಿತಿಗಳನ್ನು ಗರ್ಭದಲ್ಲಿ ಗುಣಪಡಿಸುವ ಔಷಧಿ ಇಲ್ಲ. ಹಾಗಾಗಿಯೇ ಇದು ಆಯ್ಕೆ. ಪ್ರತಿಯೊಬ್ಬ ಗರ್ಭಿಣಿಗೂ ಈ ಅವಕಾಶದ ಬಗ್ಗೆ ತಿಳಿಸುವುದು ಡಾಕ್ಟರರ ಕರ್ತವ್ಯ. ಒಪ್ಪುವುದು, ಬಿಡುವುದು ನಿಮ್ಮ ಹಕ್ಕು. ಬೇಡ ಎಂದರೆ ಉಳಿದ ಆರೈಕೆ ನಿಲ್ಲುವುದಿಲ್ಲ.

ಯಾವ ವಾರ, ಯಾವ ಪರೀಕ್ಷೆ

ಡಾಕ್ಟರರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದಕ್ಕಿಂತ ಸುಮಾರು ಎರಡು ವಾರ ತಡವಾಗಿ. ಈ ಎರಡು ವಾರದ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

- 6ರಿಂದ 9ನೇ ವಾರ: ಮೊದಲ ಸ್ಕ್ಯಾನ್. ಗರ್ಭ ಗರ್ಭಕೋಶದ ಒಳಗೇ ಇದೆಯೇ, ಹೃದಯ ಬಡಿತ ಇದೆಯೇ, ಒಂದೋ ಅವಳಿಯೋ, ಎಷ್ಟು ವಾರ ಎಂಬುದು ಇದರಲ್ಲಿ ಗೊತ್ತಾಗುತ್ತದೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.
- 11 ವಾರದಿಂದ 13 ವಾರ 6 ದಿನದವರೆಗೆ: ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗದ ನೀರಿನ ದಪ್ಪ ಅಳೆಯುವುದು) ಮತ್ತು ಡಬಲ್ ಮಾರ್ಕರ್ ರಕ್ತ ಪರೀಕ್ಷೆ. ಎರಡೂ ಸೇರಿದರೆ ಡೌನ್ ಸಿಂಡ್ರೋಮ್ ಇರುವ 100 ಗರ್ಭಗಳಲ್ಲಿ 85ರಿಂದ 90ನ್ನು ಗುರುತಿಸುತ್ತವೆ.
- 10ನೇ ವಾರದ ನಂತರ ಯಾವಾಗ ಬೇಕಾದರೂ: ಎನ್‌ಐಪಿಟಿ. ತಾಯಿಯ ರಕ್ತದಲ್ಲಿ ಹರಿಯುವ, ಗರ್ಭದ ಮಾಸಿನಿಂದ (ಪ್ಲಾಸೆಂಟಾ) ಬಂದ ಡಿಎನ್‌ಎ ಚೂರುಗಳನ್ನು ನೋಡುವ ಪರೀಕ್ಷೆ. ಡೌನ್ ಸಿಂಡ್ರೋಮ್ ಮಟ್ಟಿಗೆ 100ಕ್ಕೆ 99ರಷ್ಟು ಗುರುತಿಸುತ್ತದೆ. ಆದರೆ ದುಬಾರಿ, ಸಾಮಾನ್ಯವಾಗಿ ಹತ್ತು ಸಾವಿರ ರೂಪಾಯಿಗಿಂತ ಮೇಲೆ.
- 15ರಿಂದ 20ನೇ ವಾರ: ಮೂರನೇ ತಿಂಗಳು ತಪ್ಪಿಸಿಕೊಂಡವರಿಗೆ ಕ್ವಾಡ್ರುಪಲ್ ಮಾರ್ಕರ್. ನಿಖರತೆ ಡಬಲ್ ಮಾರ್ಕರ್-ಎನ್‌ಟಿ ಜೋಡಿಗಿಂತ ಸ್ವಲ್ಪ ಕಡಿಮೆ.
- 18ರಿಂದ 22ನೇ ವಾರ: ಅನಾಮಲಿ ಸ್ಕ್ಯಾನ್, ಕೆಲವರು 'ಟಿಫಾ' ಎನ್ನುತ್ತಾರೆ. ಮೆದುಳು, ಬೆನ್ನೆಲುಬು, ಹೃದಯ, ಕಿಡ್ನಿ, ಕೈಕಾಲು, ಮಾಸು ಎಲ್ಲಿ ಅಂಟಿದೆ ಎಂಬುದನ್ನೆಲ್ಲ ನೋಡುತ್ತಾರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಾರ್ಕರ್ ಪರೀಕ್ಷೆ ಬೇಡವೆಂದು ತೀರ್ಮಾನಿಸಿದವರೂ ಅನಾಮಲಿ ಸ್ಕ್ಯಾನ್ ಬಿಡುವುದು ಒಳ್ಳೆಯದಲ್ಲ. ಹೃದಯದ ದೋಷವೋ ಕಿಡ್ನಿಯ ಊತವೋ ಇದ್ದರೆ ಹೆರಿಗೆ ಎಲ್ಲಿ ಆಗಬೇಕು ಎಂಬುದನ್ನು ಮೊದಲೇ ನಿರ್ಧರಿಸಬಹುದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ ತಾಯಿಯ ಜೀವವೇ ಈ ಸ್ಕ್ಯಾನ್‌ನಿಂದ ಉಳಿಯಬಹುದು.

'ಹೈ ರಿಸ್ಕ್' ಅಂದರೆ ಮಗುವಿಗೆ ಕಾಯಿಲೆ ಇದೆ ಎಂದಲ್ಲ

ಡಬಲ್ ಮಾರ್ಕರ್ ವರದಿಯಲ್ಲಿ 1:150, 1:900, 1:5000 ಎಂಬಂತೆ ಬರೆದಿರುತ್ತದೆ. 1:150 ಎಂದರೆ ಇಂತಹದೇ ವರದಿ ಬಂದ 150 ಮಂದಿಯಲ್ಲಿ ಒಬ್ಬರ ಮಗುವಿಗೆ ಆ ಸ್ಥಿತಿ ಇರಬಹುದು, 149 ಮಂದಿಯ ಮಗುವಿಗೆ ಇರುವುದಿಲ್ಲ ಎಂದು. ಸಾಮಾನ್ಯವಾಗಿ 1:250ರ ಆಸುಪಾಸು ಗೆರೆ ಎಳೆದು, ಅದಕ್ಕಿಂತ ಹೆಚ್ಚಿನ ಸಾಧ್ಯತೆಯನ್ನು 'ಹೈ ರಿಸ್ಕ್' ಎನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. 7000 ಗರ್ಭಿಣಿಯರು ಈ ಪರೀಕ್ಷೆ ಮಾಡಿಸಿದರು ಎಂದಿಟ್ಟುಕೊಳ್ಳಿ. 700ಕ್ಕೆ ಒಂದರ ಲೆಕ್ಕದಲ್ಲಿ ಅವರಲ್ಲಿ 10 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಪರೀಕ್ಷೆ ಆ 10ರಲ್ಲಿ 9ನ್ನು ಹಿಡಿಯುತ್ತದೆ, ಒಂದು ತಪ್ಪಿಸಿಕೊಳ್ಳುತ್ತದೆ. ಉಳಿದ ಆರೋಗ್ಯವಂತ ಗರ್ಭಗಳಲ್ಲೂ 100ಕ್ಕೆ 5ರಂತೆ, ಅಂದರೆ ಸುಮಾರು 350 ಮಂದಿಗೆ, 'ಹೈ ರಿಸ್ಕ್' ಎಂದೇ ಬರುತ್ತದೆ. ಒಟ್ಟು ಸುಮಾರು 360 ಮಂದಿ ಕೆಂಪು ಅಕ್ಷರ ನೋಡಿ ಗಾಬರಿಯಾಗುತ್ತಾರೆ, ಅವರಲ್ಲಿ ನಿಜವಾದದ್ದು 9. ಅಂದರೆ 40ರಲ್ಲಿ ಒಂದು.

ಎನ್‌ಐಪಿಟಿಯಲ್ಲಿ ಸುಳ್ಳು ಎಚ್ಚರಿಕೆ ಬಹಳ ಕಡಿಮೆ, ಸಾವಿರಕ್ಕೆ ಒಂದರ ಆಸುಪಾಸು. ಆದರೂ ಅದು ಅಂತಿಮ ತೀರ್ಪಲ್ಲ. ಖಚಿತವಾಗಿ ಹೇಳುವುದು ಎರಡೇ: 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್, ಅಥವಾ 15 ವಾರ ದಾಟಿದ ಮೇಲೆ ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್. ಇವುಗಳಿಂದ ಗರ್ಭಪಾತವಾಗುವ ಅಪಾಯ ಸಣ್ಣದು, ನುರಿತ ಕೈಯಲ್ಲಿ 200ಕ್ಕೆ ಒಂದು ಅಥವಾ ಅದಕ್ಕಿಂತಲೂ ಕಡಿಮೆ. ಆದರೆ ಇಲ್ಲವೇ ಇಲ್ಲ ಎಂದಲ್ಲ.

ಹಾಗೆಯೇ 'ಲೋ ರಿಸ್ಕ್' ಎಂದರೆ ಎಲ್ಲವೂ ಸರಿ ಎಂಬ ಗ್ಯಾರಂಟಿಯೂ ಅಲ್ಲ. ಕಿವುಡುತನ, ಆಟಿಸಂ, ಹೆಚ್ಚಿನ ಬುದ್ಧಿಮಾಂದ್ಯತೆಯ ಪ್ರಕರಣಗಳು ಇವುಗಳಲ್ಲಿ ಕಾಣುವುದಿಲ್ಲ. ಇನ್ನೊಂದು, ಅನಾಮಲಿ ಸ್ಕ್ಯಾನ್‌ನಲ್ಲಿ ಕೆಲವೊಮ್ಮೆ 'ಹೃದಯದಲ್ಲಿ ಬಿಳಿ ಚುಕ್ಕೆ' ಎಂದು ಬರೆಯುತ್ತಾರೆ. ಅದು ಒಂದೇ ಇದ್ದು ಬೇರೆಲ್ಲ ಸರಿಯಿದ್ದರೆ, ಮೊದಲ ತಪಾಸಣೆಯೂ ಲೋ ರಿಸ್ಕ್ ಆಗಿದ್ದರೆ, ಸಾಮಾನ್ಯವಾಗಿ ಹೆದರುವ ವಿಷಯವಲ್ಲ. ಅದು ಹೃದಯದ ಕಾಯಿಲೆಯಲ್ಲ.

ವಯಸ್ಸು, ಸಂಬಂಧದ ಮದುವೆ

ಡೌನ್ ಸಿಂಡ್ರೋಮ್ ಸಾಧ್ಯತೆ ತಾಯಿಯ ವಯಸ್ಸಿನ ಜೊತೆ ಏರುತ್ತದೆ. 30ರಲ್ಲಿ ಸುಮಾರು 900ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಹಾಗೆಂದು ಎಳೆಯ ತಾಯಂದಿರಿಗೆ ಬರುವುದೇ ಇಲ್ಲ ಎಂದಲ್ಲ. ಹೆಚ್ಚು ಹೆರಿಗೆಯಾಗುವುದು ಅವರಿಗೇ ಆದ್ದರಿಂದ ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಬಹಳಷ್ಟು ಮಂದಿಯ ತಾಯಂದಿರು 35ರ ಕೆಳಗಿನವರು.

ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. 'ನಾವು ಮಾವನ ಮಗಳನ್ನು ಮದುವೆಯಾದವರು, ಅದಕ್ಕೆ ಡಬಲ್ ಮಾರ್ಕರ್ ಮಾಡಿಸಿದೆವು, ನಾರ್ಮಲ್ ಬಂತು, ಇನ್ನು ಹೆದರಿಕೆ ಇಲ್ಲ' ಎನ್ನುವವರಿದ್ದಾರೆ. ರಕ್ತ ಸಂಬಂಧದ ಮದುವೆಯಿಂದ ಹೆಚ್ಚುವುದು ಬೇರೆ ಬಗೆಯ ಕಾಯಿಲೆಗಳು. ಗಂಡ-ಹೆಂಡತಿ ಇಬ್ಬರಲ್ಲೂ ಒಂದೇ ದೋಷವುಳ್ಳ ಜೀನ್ ಅಡಗಿದ್ದರೆ ಮಗುವಿಗೆ ಬರುವ ಥಲಸೇಮಿಯಾ, ಕೆಲವು ಬಗೆಯ ಕಿವುಡುತನ, ಸ್ನಾಯು ದೌರ್ಬಲ್ಯ, ಚಯಾಪಚಯದ ಕಾಯಿಲೆಗಳು. ಯಾವುದೇ ಮಗುವಿಗೆ ಹುಟ್ಟು ದೋಷ ಇರುವ ಸಾಧ್ಯತೆ 100ಕ್ಕೆ 2-3 ಇದ್ದರೆ, ಅಣ್ಣ-ತಂಗಿಯ ಮಕ್ಕಳು ಮದುವೆಯಾದಾಗ ಅದು ಸುಮಾರು ಇಮ್ಮಡಿ. ಡಬಲ್ ಮಾರ್ಕರ್ ಆಗಲಿ ಸಾಮಾನ್ಯ ಎನ್‌ಐಪಿಟಿ ಆಗಲಿ ಇವುಗಳನ್ನು ನೋಡುವುದೇ ಇಲ್ಲ.

ಅಂಥವರಿಗೆ ಹೆಚ್ಚು ಉಪಯೋಗದ್ದು, ಖರ್ಚೂ ಕಡಿಮೆಯದ್ದು ಥಲಸೇಮಿಯಾ ಕ್ಯಾರಿಯರ್ ಪರೀಕ್ಷೆ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಕೆಂಪು ಕಣಗಳ ಗಾತ್ರ (ಎಂಸಿವಿ) 80ಕ್ಕಿಂತ ಕಡಿಮೆ ಇದ್ದರೆ 'ಎಚ್‌ಪಿಎಲ್‌ಸಿ ಬೇಕೇ' ಎಂದು ಕೇಳಿ. ಹೆಂಡತಿ ಕ್ಯಾರಿಯರ್ ಎಂದಾದರೆ ತಕ್ಷಣ ಗಂಡನಿಗೂ ಮಾಡಿಸಬೇಕು. ಇಬ್ಬರೂ ಕ್ಯಾರಿಯರ್ ಆಗಿದ್ದರೆ ಮಾತ್ರ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮನೆಯಲ್ಲಿ ಈ ಮೊದಲು ದೋಷವಿರುವ ಮಗು ಹುಟ್ಟಿದ್ದರೆ ಅಥವಾ ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಮುಂದಿನ ಗರ್ಭಕ್ಕೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್ ಪಡೆಯುವುದು ಉತ್ತಮ. ಹಳೆಯ ಫೈಲ್ ಬಿಸಾಡಬೇಡಿ.

ಕಾನೂನಿನ 24 ವಾರ, ಶರೀಅತ್ತಿನ 120 ದಿನ

ಈ ವಿಷಯ ಮಾತನಾಡಲು ಮನಸ್ಸಾಗುವುದಿಲ್ಲ. ಆದರೆ ಪರೀಕ್ಷೆಗೆ ಒಪ್ಪುವಾಗಲೇ ತಿಳಿದಿರಬೇಕು.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು. ಮಗುವಿನ ಗಂಭೀರ ವೈಕಲ್ಯವೂ ಸೇರಿ ನಿಗದಿತ ಕಾರಣಗಳಿಗೆ 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರರ ಅಭಿಪ್ರಾಯ ಬೇಕು. 24 ವಾರ ದಾಟಿದ ಮೇಲೆ ಮೆಡಿಕಲ್ ಬೋರ್ಡ್ ಗಂಭೀರ ವೈಕಲ್ಯವೆಂದು ಖಚಿತಪಡಿಸಿದರೆ ಮಾತ್ರ. 18 ವರ್ಷ ದಾಟಿದ ಮಹಿಳೆಯದ್ದಾದರೆ ಆಕೆಯ ಒಪ್ಪಿಗೆಯೊಂದೇ ಸಾಕು. ಆಕೆ ಒಪ್ಪದೆ ಯಾರೂ ಒತ್ತಾಯಿಸುವಂತಿಲ್ಲ.

ಇನ್ನು ದೀನಿನ ಲೆಕ್ಕ. ಮಕ್ಕಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1990ರ ಸಭೆಯಲ್ಲಿ ನೀಡಿದ ತೀರ್ಮಾನದ ಸಾರ ಹೀಗಿದೆ: 120 ದಿನ ತುಂಬಿದ ಬಳಿಕ, ತಾಯಿಯ ಜೀವಕ್ಕೇ ಅಪಾಯವಿದ್ದರೆ ಬಿಟ್ಟು, ವೈಕಲ್ಯದ ಕಾರಣಕ್ಕೆ ಗರ್ಭಪಾತ ಸಲ್ಲದು. ಅದಕ್ಕಿಂತ ಮೊದಲು, ಚಿಕಿತ್ಸೆಯೇ ಇಲ್ಲದ ಗಂಭೀರ ವೈಕಲ್ಯವನ್ನು ನಂಬಿಕಸ್ಥ ತಜ್ಞ ವೈದ್ಯರ ಸಮಿತಿ ಖಚಿತಪಡಿಸಿದ್ದರೆ, ತಂದೆ ತಾಯಿ ಕೋರಿದರೆ ಅವಕಾಶವಿದೆ. ನಾವು ಶಾಫಿಈ ಮದ್‌ಹಬ್‌ನವರು. ನಮ್ಮ ಉಲಮಾಗಳಲ್ಲಿ 120 ದಿನಕ್ಕೆ ಮೊದಲಿನ ವಿಷಯದಲ್ಲೂ ಬಿಗಿಯಾದ ನಿಲುವು ಇರುವವರಿದ್ದಾರೆ. ಡೌನ್ ಸಿಂಡ್ರೋಮ್ ಈ 'ಗಂಭೀರ'ದೊಳಗೆ ಬರುತ್ತದೆಯೇ ಎಂಬುದರಲ್ಲೂ ಅಭಿಪ್ರಾಯ ಒಂದೇ ಅಲ್ಲ. ಆದ್ದರಿಂದ ವಾಟ್ಸಪ್ ಮೆಸೇಜ್ ನೋಡಿ ತೀರ್ಮಾನ ಬೇಡ. ವರದಿ ಹಿಡಿದುಕೊಂಡು, ನೀವು ನಂಬುವ ಆಲಿಮರ ಬಳಿ ನೇರ ಕೇಳಿ.

ಈಗ ಆ ಎರಡು ವಾರದ ವ್ಯತ್ಯಾಸಕ್ಕೆ ಬರೋಣ. 120 ದಿನ ಎಣಿಸುವುದು ಗರ್ಭ ನಿಂತಲ್ಲಿಂದ. ಡಾಕ್ಟರರ ಲೆಕ್ಕದಲ್ಲಿ ಅದು ಸುಮಾರು 19 ವಾರ. 12ನೇ ವಾರದಲ್ಲಿ ಡಬಲ್ ಮಾರ್ಕರ್ ಮಾಡಿಸಿದವರಿಗೆ 13ರಲ್ಲಿ ವರದಿ, 16ರಲ್ಲಿ ಆಮ್ನಿಯೋ, 18ರ ಹೊತ್ತಿಗೆ ಅಂತಿಮ ಉತ್ತರ ಕೈಯಲ್ಲಿ. ಯೋಚಿಸಲು, ಕೇಳಲು ಸ್ವಲ್ಪ ಸಮಯ ಇದೆ. 17ನೇ ವಾರದಲ್ಲಿ ಕ್ವಾಡ್ರುಪಲ್ ಮಾಡಿಸಿದವರಿಗೆ ಅಂತಿಮ ಉತ್ತರ ಬರುವಾಗ 21-22 ವಾರ. ಕಾನೂನು ಬಾಗಿಲು ತೆರೆದಿದ್ದರೂ 120 ದಿನ ಕಳೆದಿರುತ್ತದೆ. ಅನಾಮಲಿ ಸ್ಕ್ಯಾನನ್ನು 20 ವಾರಕ್ಕೆ ಮಾಡಿಸಿದರೂ ಹಾಗೆಯೇ. ಪರೀಕ್ಷೆ ಮಾಡಿಸುವುದಾದರೆ ಬೇಗ ಮಾಡಿಸಿ ಎನ್ನುವುದು ಇದಕ್ಕೇ.

ತೀರ್ಮಾನಕ್ಕೆ ಮೊದಲು ಮನೆಯಲ್ಲಿ ಮಾತಾಡಬೇಕಾದ್ದು

ಗಂಡ-ಹೆಂಡತಿ ಕೂತು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ:

1. 'ಹೈ ರಿಸ್ಕ್' ಬಂದರೆ ನಾವು ಆಮ್ನಿಯೋವರೆಗೆ ಹೋಗುತ್ತೇವೆಯೇ? ಇಲ್ಲ ಎಂದಾದರೆ ಉತ್ತರ ಸಿಗದ ಆತಂಕವನ್ನು ಒಂಬತ್ತು ತಿಂಗಳು ಹೊತ್ತುಕೊಂಡಿರಲು ಸಾಧ್ಯವೇ?
2. ಇದೆ ಎಂದು ಖಚಿತವಾದರೂ ಮಗುವನ್ನು ಹೆರುತ್ತೇವೆ ಎಂಬುದು ನಮ್ಮ ನಿಲುವೇ? ಹಾಗಿದ್ದರೂ ಮೊದಲೇ ತಿಳಿಯುವುದರಿಂದ ನಮಗೆ ಸಹಾಯವೇ, ಭಾರವೇ?
3. ಎನ್‌ಐಪಿಟಿ, ಆಮ್ನಿಯೋ ಖರ್ಚು ಎಲ್ಲಿಂದ?
4. ಮಾತು ಯಾರವರೆಗೆ ಹೋಗಬೇಕು? ಎಲ್ಲರಿಗೂ ಹೇಳಿದರೆ ಎಲ್ಲರ ಅಭಿಪ್ರಾಯವೂ ಬರುತ್ತದೆ. ಹೊಟ್ಟೆಯಲ್ಲಿ ಮಗು ಹೊತ್ತವಳು ಕೊನೆಗೆ ಒಂಟಿಯಾಗುತ್ತಾಳೆ.

ಎರಡನೇ ಪ್ರಶ್ನೆಗೆ ಒಂದೇ ಸರಿಯುತ್ತರ ಇಲ್ಲ. ಗರ್ಭ ಉಳಿಸಿಕೊಳ್ಳುವುದು ಖಚಿತ ಎನ್ನುವವರೂ ಪರೀಕ್ಷೆ ಮಾಡಿಸುವುದುಂಟು. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಅಂಥ ಹೆರಿಗೆ ನವಜಾತ ಶಿಶುಗಳ ಐಸಿಯು ಇರುವಲ್ಲಿ ಆಗಬೇಕು, ಊರಿನ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಅಲ್ಲ. 'ಅಲ್ಲಾಹು ಕೊಟ್ಟದ್ದು, ನಮಗೆ ಪರೀಕ್ಷೆಯೇ ಬೇಡ' ಎನ್ನುವವರ ತೀರ್ಮಾನವೂ ತಿಳುವಳಿಕೆಯಿಂದಲೇ ಬಂದದ್ದಾದರೆ ಅದು ಅಜ್ಞಾನವಲ್ಲ. ಅವರು ಅನಾಮಲಿ ಸ್ಕ್ಯಾನ್ ಮಾತ್ರ ಬಿಡದಿರಲಿ.

ಅಂಥ ಮಗು ಹುಟ್ಟಿದರೆ ಬದುಕು ಮುಗಿಯಿತು ಎಂಬ ಮಾತನ್ನೂ ಯಾರೂ ಆಡಬಾರದು. ಮಕ್ಕಳ ಬೆಳವಣಿಗೆಗೆ ಚಿಕಿತ್ಸೆ ಕೊಡುವ ಸರಕಾರಿ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿವೆ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಯೋಜನೆಯಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ 1 ಲಕ್ಷ ರೂ.ವರೆಗೆ ಆರೋಗ್ಯ ವಿಮೆ ಸಿಗುತ್ತದೆ. ಮಂಗಳೂರಿನಲ್ಲಿ ಸಂತ ಆ್ಯಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯದಂಥ ಶಾಲೆಗಳಿವೆ. ಸಾಧ್ಯವಾದರೆ ಅಂಥ ಮಗುವಿನ ತಾಯಿಯೊಬ್ಬರ ಜೊತೆ ಮಾತಾಡಿ. ಡಾಕ್ಟರ್ ಹೇಳದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತದೆ.

ಗಂಡೋ ಹೆಣ್ಣೋ ಕೇಳಬೇಡಿ

1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಭ್ರೂಣದ ಲಿಂಗ ಹೇಳುವುದೂ ಕೇಳುವುದೂ ಅಪರಾಧ. ಎನ್‌ಐಪಿಟಿ, ಆಮ್ನಿಯೋಗಳಲ್ಲಿ ಲಿಂಗ ಲ್ಯಾಬಿಗೆ ತಿಳಿಯಬಹುದು, ಆದರೆ ಇಲ್ಲಿನ ವರದಿಯಲ್ಲಿ ಬರೆಯುವಂತಿಲ್ಲ. ಕೇಳಿದವರಿಗೆ ಮೂರು ವರ್ಷದವರೆಗೆ ಜೈಲು, 50 ಸಾವಿರ ರೂ.ವರೆಗೆ ದಂಡ. ಸ್ಕ್ಯಾನ್‌ಗೆ ಮೊದಲು ತುಂಬಿಸುವ 'ಫಾರಂ ಎಫ್' ಈ ಕಾಯ್ದೆಯದ್ದೇ. ಅದಕ್ಕೆ ಗಾಬರಿ ಬೇಡ, ಆಧಾರ್ ಇಟ್ಟುಕೊಂಡು ಹೋಗಿ.

ಅಲ್ಲಿ ನೋಂದಣಿ, ಇಲ್ಲಿ ಹೆರಿಗೆ

ತಮಿಳುನಾಡಿನಲ್ಲಿ ಗರ್ಭ ಖಚಿತವಾದ ತಕ್ಷಣ 'ಪಿಕ್ಮಿ' ನೋಂದಣಿ ಮಾಡಿಸಿ 12 ಅಂಕಿಯ ಸಂಖ್ಯೆ ಪಡೆಯಬೇಕು. ನಿಮ್ಮ ವಾರ್ಡಿನ ಸರಕಾರಿ ಆರೋಗ್ಯ ಕೇಂದ್ರದ ನರ್ಸ್ ಇದನ್ನು ಮಾಡಿಕೊಡುತ್ತಾರೆ. ಮಗು ಅಲ್ಲೇ ಹುಟ್ಟಿದರೆ ಜನನ ಪ್ರಮಾಣಪತ್ರಕ್ಕೂ ಅದು ಬೇಕು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ. ಖಾಸಗಿಯಲ್ಲಿ ಖರ್ಚು ಹೆಚ್ಚೆನಿಸಿದರೆ ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ತಿರುಪ್ಪೂರಿನಲ್ಲೂ 2022ರ ಜನವರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾಗಿದೆ. ಯಾವ ಪರೀಕ್ಷೆ ಅಲ್ಲೇ ಆಗುತ್ತದೆ, ಯಾವುದಕ್ಕೆ ಹೊರಗೆ ಹೋಗಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಊರಿಗೆ ಬರುವಾಗ ಮೊದಲ ಸ್ಕ್ಯಾನ್‌ನಿಂದ ಹಿಡಿದು ಎಲ್ಲ ಮೂಲ ವರದಿಗಳನ್ನೂ ತನ್ನಿ. ಫೋನಿನ ಫೋಟೋ ಸಾಲದು. ಮಂಗಳೂರಿನ ಲೇಡಿಗೋಷನ್ ಆಗಲಿ ಖಾಸಗಿ ಆಸ್ಪತ್ರೆಯಾಗಲಿ, ಏಳನೇ ತಿಂಗಳಲ್ಲಿ ಬಂದವರ ದಿನ ಲೆಕ್ಕ ಹಾಕುವುದು ಆ ಮೊದಲ ಸ್ಕ್ಯಾನ್‌ನ ಮೇಲೆ. ಇಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಅಲ್ಲಿನ ಸಂಖ್ಯೆಯನ್ನೂ ತೋರಿಸಿ. ಸ್ಕ್ಯಾನ್‌ನಲ್ಲಿ ಏನಾದರೂ ದೋಷ ಕಂಡಿದ್ದರೆ ರೈಲು ಹತ್ತುವ ಮೊದಲೇ ಹೆರಿಗೆಯ ಜಾಗ ನಿರ್ಧರಿಸಿ.

ತಮಿಳು ಬಾರದವರು ಕೌಂಟರಿನಲ್ಲಿ ಮೂರು ಮಾತು ಕಲಿತಿರಿ. 'ಇಂದ ಟೆಸ್ಟ್ ಕಟ್ಟಾಯಮಾ?' ಅಂದರೆ ಈ ಪರೀಕ್ಷೆ ಕಡ್ಡಾಯವೇ. 'ರಿಸಲ್ಟ್ ಎಪ್ಪೋ ವರುಂ?' ಅಂದರೆ ವರದಿ ಯಾವಾಗ. 'ಯೋಸಿಚ್ಚು ಸೊಲ್ರೇನ್' ಅಂದರೆ ಯೋಚಿಸಿ ಹೇಳುತ್ತೇನೆ. ಮೂರನೆಯದು ಹೇಳಲು ಸಂಕೋಚ ಬೇಡ. 11ನೇ ವಾರದಲ್ಲಿ ಕೇಳಿದರೆ ಯೋಚಿಸಲು ಎರಡು ವಾರ ಸಮಯ ಇದ್ದೇ ಇದೆ. ಆ ಎರಡು ವಾರ ದಾಟಿಸಬೇಡಿ, ಅಷ್ಟೇ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಗರ್ಭದ ಸ್ಥಿತಿ ನೋಡಿ ಸಲಹೆ ಕೊಡಬೇಕಾದವರು ನಿಮ್ಮ ಡಾಕ್ಟರರು.)